ತಾರೀಖು ಒಂದೇ ಆದರೆ ಸಂಬಂಧ ಇರಲೇಬೇಕಾ?

ಮೂವತ್ತು ವರ್ಷ ಚಿತ್ರದುರ್ಗದಲ್ಲಿ ಇತಿಹಾಸ ಪಾಠ ಮಾಡಿದ್ದೇನೆ. ಆಗಸ್ಟ್ ಬಂತೆಂದರೆ ಕೆಳಗಿನ ಮೊದಲ ಪ್ರಶ್ನೆ ತಪ್ಪಿದ್ದೇ ಇಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ.

ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26. ಎರಡೂ ರಾಷ್ಟ್ರೀಯ ಹಬ್ಬದ ದಿನವೇ. ಇದು ದೈವ ಸಂಕೇತ ಅಲ್ವಾ? (ಹರಿಹರದ ಓದುಗರು)

ಅಲ್ಲ. ಆ ಎರಡೂ ದಿನಗಳನ್ನು ಮನುಷ್ಯರು ಕೂತು ಆರಿಸಿದ್ದು. ಆರಿಸುವಾಗ ಅವರ ತಲೆಯಲ್ಲಿ ಬೇರೆಯೇ ಲೆಕ್ಕ ಇತ್ತು. 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುತ್ತೇವೆ ಅಂತ ಬ್ರಿಟಿಷರು ಮೊದಲು ಹೇಳಿದ್ದರು. ಮೌಂಟ್‌ಬ್ಯಾಟನ್ ಅದನ್ನು ಹಿಂದಕ್ಕೆ ಎಳೆದು 1947ರ ಆಗಸ್ಟ್ 15 ಅಂದರು. ಜಪಾನ್ ಶರಣಾದ ಸುದ್ದಿ ಹೊರಬಿದ್ದಿದ್ದು 1945ರ ಆಗಸ್ಟ್ 15ಕ್ಕೆ. ಆ ಯುದ್ಧದಲ್ಲಿ ಆಗ್ನೇಯ ಏಷ್ಯಾದ ದಂಡನಾಯಕ ಇದೇ ಮೌಂಟ್‌ಬ್ಯಾಟನ್. ತನ್ನ ಗೆಲುವಿನ ದಿನವನ್ನೇ ಹಿಡಿದರು.

ಜನವರಿ 26ರ ಕಥೆ ಲಾಹೋರಿನದು. 1929ರ ಡಿಸೆಂಬರಿನಲ್ಲಿ ಅಲ್ಲಿ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿತು. ಮುಂದಿನ ಜನವರಿಯ ಕೊನೆಯ ಭಾನುವಾರ ಪ್ರತಿಜ್ಞೆ ಮಾಡೋಣ ಅಂದರು. ಅದು 26 ಆಗಿತ್ತು, ಅಷ್ಟೇ. ಸಂವಿಧಾನ ಒಪ್ಪಿಕೊಂಡಿದ್ದು 1949ರ ನವೆಂಬರ್ 26ಕ್ಕೆ. ಜಾರಿಗೆ ತರಲು ಎರಡು ತಿಂಗಳು ಕಾದಿದ್ದು ಆ ಪ್ರತಿಜ್ಞೆಯ ನೆನಪಿಗೆ.

ದೂರ ಯಾಕೆ, ನಿಮ್ಮ ಜಿಲ್ಲೆಯನ್ನೇ ನೋಡಿ. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿದ್ದು 1997ರ ಆಗಸ್ಟ್ 15ಕ್ಕೆ, ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ದಿನ. ಜೆ.ಎಚ್. ಪಟೇಲರ ಸರ್ಕಾರ ಆ ದಿನ ಇಟ್ಟುಕೊಂಡಿತು. ಇದನ್ನು ದೈವ ಸಂಕೇತ ಅಂತ ಯಾರೂ ಅನ್ನುವುದಿಲ್ಲ. ಯಾಕೆಂದರೆ ಇಟ್ಟವರು ಯಾರು ಅಂತ ನಮಗೆ ಗೊತ್ತು.

ರಾಯಣ್ಣ ದೊಡ್ಡವನಾಗಿದ್ದು ತಾರೀಖಿನಿಂದ ಅಲ್ಲ. ಚೆನ್ನಮ್ಮ ಸೆರೆಯಾದ ಮೇಲೂ ಜನ ಕಟ್ಟಿಕೊಂಡು ಹೋರಾಡಿದ, ಕಂಪನಿಯ ಕಚೇರಿಗಳನ್ನು ಸುಟ್ಟ, ಕೊನೆಗೆ ನಂದಗಡದಲ್ಲಿ ನೇಣಿಗೆ ಕೊರಳು ಕೊಟ್ಟ. ಮಕ್ಕಳಿಗೆ ಅದನ್ನು ಹೇಳಿ.

ಒನಕೆ ಓಬವ್ವ ಜಯಂತಿ ನವೆಂಬರ್ 11, ಮೊದಲ ಮಹಾಯುದ್ಧ ನಿಂತಿದ್ದೂ ನವೆಂಬರ್ 11. ಏನಾದರೂ ನಂಟು? (ಹೊಳಲ್ಕೆರೆ)

ಇಲ್ಲ.

ಶೇಕ್ಸ್‌ಪಿಯರ್, ಸರ್ವಾಂಟೆಸ್ ಇಬ್ಬರೂ 1616ರ ಏಪ್ರಿಲ್ 23ರಂದೇ ತೀರಿಕೊಂಡರಂತೆ, ನಿಜವಾ? (ದಾವಣಗೆರೆ)

ಸ್ಪೇನಿನಲ್ಲಿ ಆಗಲೇ ಹೊಸ ಕ್ಯಾಲೆಂಡರ್ ಇತ್ತು, ಇಂಗ್ಲೆಂಡಿನಲ್ಲಿ ಹಳೆಯದು. ತಾರೀಖು ಒಂದೇ ಬರೆದಿದ್ದರೂ ನಡುವೆ ಹತ್ತು ದಿನದ ಅಂತರ ಇದೆ.

ಅಪ್ಪ, ಚಿಕ್ಕಪ್ಪ, ದೊಡ್ಡಪ್ಪ ಮೂವರ ಹುಟ್ಟಿದ ದಿನವೂ ಜೂನ್ 1. ಮನೆತನಕ್ಕೆ ದೋಷ ಇದೆ ಅಂತ ಸಂಖ್ಯಾಶಾಸ್ತ್ರದವರೊಬ್ಬರು ಶಾಂತಿಗೆ ಹಣ ಕೇಳುತ್ತಿದ್ದಾರೆ. (ಚಳ್ಳಕೆರೆ)

ಒಂದು ರೂಪಾಯಿಯನ್ನೂ ಕೊಡಬೇಡಿ. ಹೀಗೆ ಹೆದರಿಸಿ ದುಡ್ಡು ಕೀಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಿರಿಯೂರು ಕಡೆಯ ಒಂದು ಹಳ್ಳಿ ಶಾಲೆಯ ಹಳೇ ದಾಖಲಾತಿ ಪುಸ್ತಕ ನೋಡಿದ್ದೇನೆ. ಒಂದೇ ಪುಟದಲ್ಲಿ ಒಂಬತ್ತು ಮಕ್ಕಳು, ಒಂಬತ್ತಕ್ಕೂ ಜೂನ್ 1. ಅದೇ ನೀಲಿ ಶಾಯಿ, ಅದೇ ದುಂಡಗಿನ ಅಕ್ಷರ. ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ್ದು ಅಂತ ತಾಯಿ ಹೇಳುತ್ತಿದ್ದಳು. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಲಿ ಅಂತ ಮೇಷ್ಟ್ರು ಆ ತಾರೀಖು ಬರೆದುಕೊಳ್ಳುತ್ತಿದ್ದರು. ನಿಮ್ಮ ಅಪ್ಪನ ಶಾಲೆಗೂ ಹೋಗಿ ಆ ಪುಟ ತೆಗೆಸಿ ನೋಡಿ.