ಅಮೆರಿಕದ ನ್ಯಾಸ್ಕಾರ್ ಕಾರ್ ರೇಸ್ ನೋಡೋಕೆ ಮಜಾನಾ, ಬೋರಾ? ಮೂರು ಗಂಟೆ ಎಡಕ್ಕೇ ತಿರುಗೋದರಲ್ಲಿ ಏನಿದೆ?

ಯಾವ ರೇಸು ನಿಮ್ಮ ಕಣ್ಣಿಗೆ ಬಿತ್ತು ಅನ್ನುವುದರ ಮೇಲಿದೆ. 2024ರಲ್ಲಿ ಟೆನೆಸಿಯ ಬ್ರಿಸ್ಟಲ್‌ನಲ್ಲಿ ನಡೆದ ಎರಡು ರೇಸ್ ತಗೊಳ್ಳಿ. ಅದೇ ಅರ್ಧ ಮೈಲಿಯ ಕಾಂಕ್ರೀಟ್ ಟ್ರ್ಯಾಕ್, ಅದೇ 500 ಸುತ್ತು. ಮಾರ್ಚ್‌ನಲ್ಲಿ ಮೊದಲ ಸ್ಥಾನ 54 ಸಲ ಕೈ ಬದಲಾಯಿತು. ಸಣ್ಣ ಟ್ರ್ಯಾಕ್‌ಗಳಲ್ಲಿ ಅದು ದಾಖಲೆ. ಸೆಪ್ಟೆಂಬರ್‌ನಲ್ಲಿ ಕೈಲ್ ಲಾರ್ಸನ್ ಒಬ್ಬನೇ 462 ಸುತ್ತು ಮುಂದಿದ್ದು ಗೆದ್ದ. ಜೀವನದಲ್ಲಿ ಮೊದಲ ಸಲ ನೋಡಿದ್ದು ಈ ಎರಡನೆಯದಾಗಿದ್ದರೆ ಮತ್ತೆ ಆ ಚಾನೆಲ್ ಕಡೆ ತಲೆ ಹಾಕುವವರು ಕಡಿಮೆ.

ವ್ಯತ್ಯಾಸ ಮಾಡಿದ್ದು ಟೈರು. ಮಾರ್ಚ್‌ನಲ್ಲಿ ಟೈರಿನ ರಬ್ಬರು ಕಾಂಕ್ರೀಟಿಗೆ ಮೆತ್ತಿಕೊಳ್ಳದೆ ಉಂಡೆಯುಂಡೆಯಾಗಿ ಉದುರಿ ಗೋಡೆಯ ಪಕ್ಕ ಗುಡ್ಡೆಯಾಯಿತು. 50 ಸುತ್ತಿನ ಆಸುಪಾಸಿಗೇ ಟೈರು ಸವೆದು ಒಳಗಿನ ದಾರ ಕಾಣತೊಡಗಿತು. ತಂದ ಟೈರು ಸಾಲದೆ ರೇಸಿನ ನಡುವೆಯೇ ಎಲ್ಲ ತಂಡಕ್ಕೂ ಒಂದೊಂದು ಸೆಟ್ ಹೆಚ್ಚುವರಿ ಕೊಡಬೇಕಾಯಿತು. ಹುಮ್ಮಸ್ಸಿನಲ್ಲಿ ಒತ್ತಿದವರೆಲ್ಲ ಹಿಂದೆ ಬಿದ್ದರು, ಆಕ್ಸಿಲರೇಟರನ್ನು ನಾಜೂಕಾಗಿ ಒತ್ತಿದವರು ಉಳಿದರು. ಕೊನೆಗೆ ಮುಂದಿನವನಿಗಿಂತ ಒಂದು ಸುತ್ತು ಹಿಂದೆ ಬೀಳದೆ ಮುಗಿಸಿದ್ದು ಐದೇ ಕಾರು. ಗೆದ್ದದ್ದು ಡೆನಿ ಹ್ಯಾಮ್ಲಿನ್.

ಹಾಗಾಗಿ ನನ್ನ ಅಳತೆಗೋಲು ಒಂದೇ: ಟೈರು ಸವೆಯುವ ಟ್ರ್ಯಾಕಾದರೆ ನೋಡಿ, ಸವೆಯದಿದ್ದರೆ ಮಲಗಿ. ದಕ್ಷಿಣ ಕೆರೊಲಿನಾದ ಡಾರ್ಲಿಂಗ್ಟನ್‌ನ ಡಾಂಬರು ಉಪ್ಪುಕಾಗದದ ಹಾಗೆ ಒರಟು. ಹೊಸ ಟೈರು ಹಾಕಿಕೊಂಡು ಹೊರಟವನು ಮತ್ತೆ ಪಿಟ್‌ಗೆ (ಟೈರು, ಪೆಟ್ರೋಲಿಗೆ ನಿಲ್ಲುವ ಜಾಗ) ಬರುವಷ್ಟರಲ್ಲಿ ಒಂದು ಸುತ್ತಿಗೆ ಸೆಕೆಂಡುಗಟ್ಟಲೆ ನಿಧಾನವಾಗಿರುತ್ತಾನೆ. ಆಟ ಶುರುವಾಗುವುದೇ ಅಲ್ಲಿ. ಪರದೆಯಲ್ಲಿ ಕಾರನ್ನು ಬಿಟ್ಟು ಪಕ್ಕದ ಅಂಕಿ ನೋಡಿ. ಮುಂದಿನವನಿಗೂ ಹಿಂದಿನವನಿಗೂ 4 ಸೆಕೆಂಡ್ ಅಂತರ, ಹಿಂದಿನವನು ಸುತ್ತಿಗೆ 0.2 ಸೆಕೆಂಡ್ ಕಚ್ಚುತ್ತಿದ್ದಾನೆ, ಉಳಿದಿರುವುದು 22 ಸುತ್ತು ಅಂದುಕೊಳ್ಳಿ. 20 ಸುತ್ತಿಗೆ ಹಿಡಿಯುತ್ತಾನೆ, ದಾಟಲು ಎರಡೇ ಸುತ್ತು. ನಡುವೆ ಒಂದು ನಿಧಾನದ ಕಾರು ಅಡ್ಡ ಬಂದರೆ ಲೆಕ್ಕವೆಲ್ಲ ತಲೆಕೆಳಗು. ಈ ಲೆಕ್ಕ ಹಾಕದೆ ನೋಡಿದರೆ ಸುತ್ತುತ್ತಿರುವ ಕಾರು ಬಿಟ್ಟು ಬೇರೇನೂ ಕಾಣುವುದಿಲ್ಲ.

ಎಡಕ್ಕೇ ತಿರುಗುತ್ತವೆ ಅನ್ನುವ ಮಾತಿಗೆ ಬರೋಣ. ಸೊನೋಮಾ, ವಾಟ್ಕಿನ್ಸ್ ಗ್ಲೆನ್‌ನಂಥ ಅಂಕುಡೊಂಕಿನ ಟ್ರ್ಯಾಕ್‌ಗಳಲ್ಲಿ ಬಲಕ್ಕೂ ತಿರುಗುತ್ತವೆ, ಅದಿರಲಿ. ಓವಲ್‌ನಲ್ಲಿ, ಅಂದರೆ ಮೊಟ್ಟೆಯಾಕಾರದ ಟ್ರ್ಯಾಕ್‌ನಲ್ಲಿ, ಕಾರು ಎರಡು ಥರ ಕೆಡುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಹೊರಗೋಡೆಯ ಕಡೆ ಜಾರಿದರೆ ‘ಟೈಟ್’. ಹಿಂಭಾಗ ಕಿತ್ತುಕೊಂಡು ಹೊರಗೆ ಬಂದರೆ ‘ಲೂಸ್’. ಚಾಲಕ ರೇಡಿಯೋದಲ್ಲಿ ಮೂರು ಗಂಟೆ ಗೊಣಗುವುದು ಬಹುಪಾಲು ಇದನ್ನೇ. ಮುಂದಿನ ಪಿಟ್‌ನಲ್ಲಿ ಟೈರಿನ ಗಾಳಿ ಸ್ವಲ್ಪ ಹೆಚ್ಚುಕಡಿಮೆ ಮಾಡುತ್ತಾರೆ, ಇಲ್ಲವೇ ಹಿಂದಿನ ಗಾಜಿನ ತೂತಿನಲ್ಲಿ ಉದ್ದದ ಸ್ಪ್ಯಾನರ್ ಇಳಿಸಿ ಸ್ಪ್ರಿಂಗ್‌ನ ಬಿಗಿ ಬದಲಿಸುತ್ತಾರೆ. ಇಪ್ಪತ್ತನೇ ಸ್ಥಾನದಲ್ಲಿದ್ದವನು ಸಂಜೆ ಹೊತ್ತಿಗೆ ಮೂರನೆಯವನಾಗುವುದು ಹೀಗೆ.

ಪಿಟ್ ನಿಲುಗಡೆಯೇ ಒಂದು ಪ್ರತ್ಯೇಕ ಪಂದ್ಯ. ಫಾರ್ಮುಲಾ 1 ರೇಸಿನಲ್ಲಿ ಎರಡು ಸೆಕೆಂಡಿಗೆ ಮುಗಿಯುವುದಕ್ಕೆ ಇಲ್ಲಿ ಹತ್ತು ಸೆಕೆಂಡ್ ಯಾಕೆ ಅಂತ ನಗುವವರಿದ್ದಾರೆ. ಇಲ್ಲಿ ಗೋಡೆ ಹಾರಿ ಬರುವುದು ಐದೇ ಜನ: ಟೈರು ಬಿಚ್ಚುವವರಿಬ್ಬರು, ಹೊರುವವನೊಬ್ಬ, ಜ್ಯಾಕ್‌ನವನು, ಪೆಟ್ರೋಲ್‌ನವನು. ಜ್ಯಾಕ್ ಒಂದೇ. ಮೊದಲು ಬಲಬದಿ ಎತ್ತಿ ಇಳಿಸಿ, ಮುಂದಿನಿಂದ ಸುತ್ತಿ ಓಡಿ ಎಡಬದಿ ಎತ್ತಬೇಕು. ಇಂಧನ ಪೈಪಿನಲ್ಲಿ ಬರುವುದಿಲ್ಲ, ತುಂಬಿದಾಗ ಸುಮಾರು 40 ಕೆಜಿ ತೂಗುವ ಕ್ಯಾನನ್ನು ಒಬ್ಬನೇ ಹೆಗಲಿಗೇರಿಸಿ ಸುರಿಯುತ್ತಾನೆ. 2022ರಲ್ಲಿ ಎಲ್ಲ ತಂಡಕ್ಕೂ ಹೊಸ ಮಾದರಿಯ ಕಾರು ಬರುವ ತನಕ ಚಕ್ರಕ್ಕೆ ಐದು ನಟ್ಟು. ಒಂದು ಸಡಿಲವಾದರೂ ಹೇಗೋ ಓಡುತ್ತಿತ್ತು. ಈಗ ನಡುವೆ ಒಂದೇ ನಟ್ಟು, ಅದು ಸರಿಯಾಗಿ ಕೂರದಿದ್ದರೆ ಚಕ್ರವೇ ಕಳಚಿ ಉರುಳುತ್ತದೆ, ಶಿಕ್ಷೆ ಬೇರೆ.

ಬೋರಾಗುವ ಭಾಗವನ್ನೂ ಮುಚ್ಚಿಡಬಾರದು. ಎಲ್ಲರೂ ಹೊಸಬರಿಗೆ ಈ ಸರಣಿಯ ಹೆಸರಾಂತ ರೇಸಾದ ಡೇಟೋನಾ 500 ನೋಡಿ ಅನ್ನುತ್ತಾರೆ, ನಾನು ಅನ್ನುವುದಿಲ್ಲ. ಎರಡೂವರೆ ಮೈಲಿಯ ಟ್ರ್ಯಾಕ್, 31 ಡಿಗ್ರಿ ವಾಲಿದ ತಿರುವು, ಅಲ್ಲಿ ಟೈರು ಅಷ್ಟಾಗಿ ಸವೆಯುವುದಿಲ್ಲ. ಲಾರಿಯ ಬೆನ್ನಿಗೆ ಅಂಟಿಕೊಂಡು ಸೈಕಲ್ ತುಳಿದವರಿಗೆ ಗಾಳಿಯ ಮರೆ ಅಂದರೇನು ಅಂತ ಗೊತ್ತಿರುತ್ತದೆ. ಇಲ್ಲೂ ಅದೇ. ಸಾಲು ಬಿಟ್ಟು ಒಬ್ಬನೇ ಹೊರಬಂದವನು ಹಿಂದಕ್ಕೆ ಜಾರುತ್ತಾನೆ. ಪಿಟ್‌ನಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ಅಲ್ಲಿ ಟೈರಿಗಿಂತ ಪೆಟ್ರೋಲೇ ನಿರ್ಧರಿಸುವುದರಿಂದ, ಕಡಿಮೆ ಕುಡಿದ ಕಾರು ಮೊದಲು ಹೊರಡುತ್ತದೆ. ಅದಕ್ಕೇ ಮೂರು ಸಾಲಾಗಿ ಹೊರಟ ಹಿಂಡು ಹಿಂಡೇ ಪೂರ್ತಿ ಒತ್ತದೆ ಇಂಧನ ಉಳಿಸುತ್ತ ಸಾಗುತ್ತದೆ. ಕೊನೆಯ ಇಪ್ಪತ್ತು ಸುತ್ತಿನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಒಬ್ಬ ಅಲುಗಿದರೆ ಹದಿನೈದು ಕಾರು ಗುಜರಿ. ಅದಕ್ಕಾಗಿ ನಮ್ಮ ಸೋಮವಾರ ಬೆಳಗಿನ ಜಾವ ಒಂದು ಗಂಟೆಗೆ ಎದ್ದು ಕೂರುವುದು ನಿಮಗೆ ಬಿಟ್ಟದ್ದು. 2022ರ ಕಾರು ಸಣ್ಣ ಟ್ರ್ಯಾಕ್‌ಗಳನ್ನೂ ಸಪ್ಪೆ ಮಾಡಿದೆ: ಟೈರು ಅಗಲ, ಬ್ರೇಕು ದೊಡ್ಡದು, ಹಾಗಾಗಿ ಮೊದಲಿನಂತೆ ತಪ್ಪು ಮಾಡುವವರಿಲ್ಲ, ದಾಟಲು ಜಾಗವೂ ಸಿಗುವುದಿಲ್ಲ.

ಅದೇ ಕಾರು ಒಂದೂವರೆ ಮೈಲಿಯ ಟ್ರ್ಯಾಕ್‌ಗಳಲ್ಲಿ ಚಿನ್ನ. 2024ರ ಮೇನಲ್ಲಿ ಕ್ಯಾನ್ಸಸ್‌ನಲ್ಲಿ ಲಾರ್ಸನ್, ಕ್ರಿಸ್ ಬುಷರ್‌ನನ್ನು ಸೋಲಿಸಿದ್ದು 0.001 ಸೆಕೆಂಡಿನಿಂದ. ಈ ಸರಣಿಯಲ್ಲಿ ಅಷ್ಟು ಹತ್ತಿರದ ಮುಕ್ತಾಯ ಅಲ್ಲಿವರೆಗೆ ಇರಲಿಲ್ಲ. ಶುರುವಿಗೆ ಇದರ ಕೊನೆಯ ಹತ್ತು ಸುತ್ತು ಹುಡುಕಿ ನೋಡಿ. ಆಮೇಲೆ 2022ರ ಅಕ್ಟೋಬರ್ 30ರ ಮಾರ್ಟಿನ್ಸ್‌ವಿಲ್. ಕೊನೆಯ ಸುತ್ತಿನಲ್ಲಿ ಹತ್ತನೆಯವನಾಗಿದ್ದ ರಾಸ್ ಚಾಸ್ಟೇನ್ ಬ್ರೇಕ್ ಮುಟ್ಟದೆ ಗೋಡೆಗೆ ಕಾರು ಒರಗಿಸಿಕೊಂಡೇ ಇಡೀ ತಿರುವು ಮುಗಿಸಿ ಐದನೆಯವನಾಗಿ ಗೆರೆ ದಾಟಿದ. ಮರುವರ್ಷ ಅದನ್ನು ನಿಷೇಧಿಸಿದರು.

ಇಡೀ ರೇಸಿಗೆ ಪುರುಸೊತ್ತಿಲ್ಲವಾದರೆ ಒಂದು ಉಪಾಯವಿದೆ. 2017ರಿಂದ ಬಹುತೇಕ ರೇಸನ್ನು ಮೂರು ಹಂತ ಮಾಡಿದ್ದಾರೆ, ಮೊದಲ ಎರಡು ಹಂತದ ಕೊನೆಯಲ್ಲೂ ಮೊದಲ ಹತ್ತು ಮಂದಿಗೆ 10ರಿಂದ 1ರವರೆಗೆ ಅಂಕ ಸಿಗುತ್ತದೆ. ಪ್ರತಿ ಹಂತದ ಕೊನೆಯ ಹದಿನೈದು ಸುತ್ತು ನೋಡಿದರೂ ಸಾರ ಸಿಕ್ಕಿತು.

ಅಮೆರಿಕದ ಶಾರ್ಲಟ್ ಕಡೆ ಇರುವವರು, ಅಥವಾ ಅಲ್ಲಿ ಮಕ್ಕಳ ಮನೆಗೆ ಹೋಗುವವರು, ಒಂದು ಸಲ ಟ್ರ್ಯಾಕಿಗೇ ಹೋಗಿ. ಹೆಚ್ಚಿನ ತಂಡಗಳ ಗ್ಯಾರೇಜೂ ಅದರ ಸುತ್ತಮುತ್ತಲೇ ಇದೆ. ಅಗ್ಗ ಅಂತ ಕೆಳಸಾಲಿನ ಟಿಕೆಟ್ ತಗೊಳ್ಳಬೇಡಿ, ಬಣ್ಣದ ಗೆರೆಯೊಂದು ಸರಕ್ಕನೆ ಹೋದದ್ದಷ್ಟೇ ಕಾಣುತ್ತದೆ, ಮುಖಕ್ಕೆ ರಬ್ಬರ್ ಪುಡಿ ಬೇರೆ. ಆದಷ್ಟು ಮೇಲಿನ ಸಾಲು ಹಿಡಿಯಿರಿ. ಕಿವಿಗೆ ಇಯರ್‌ಪ್ಲಗ್ ಕಡ್ಡಾಯ, ಮಕ್ಕಳಿಗೆ ಅದರ ಮೇಲೆ ಇಯರ್‌ಮಫ್ ಕೂಡ. ಚಾಲಕರ ರೇಡಿಯೋ ಕೇಳಿಸುವ ಸ್ಕ್ಯಾನರ್ ಬಾಡಿಗೆಗೆ ಸಿಕ್ಕರೆ ತಗೊಳ್ಳಿ, ಹನ್ನೆರಡನೇ ಸ್ಥಾನದ ಆಸುಪಾಸಿನಲ್ಲಿರುವ ಯಾರಾದರೂ ಒಬ್ಬನನ್ನು ಹಿಡಿದು ಕೊನೇತನಕ ಅವನ ಗೊಣಗಾಟ ಕೇಳಿ.