ಬೆಳಿಗ್ಗೆ ಬೆರಳು ಮಡಚೋಕೇ ಆಗ್ತಿಲ್ಲ ಡಾಕ್ಟ್ರೇ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರ ಪ್ರಶ್ನೆಗಳಿಗೆ ಕೀಲುರೋಗ ತಜ್ಞರ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಚಳ್ಳಕೆರೆ ಹತ್ತಿರದ ಹಳ್ಳಿ. ಚಿಕ್ಕ ಮಗುವಿದೆ. ಐದಾರು ತಿಂಗಳಿಂದ ಎರಡೂ ಕೈಯ ಬೆರಳಿನ ಗೆಣ್ಣು, ಮಣಿಕಟ್ಟು ಊದಿಕೊಂಡು ನೋಯುತ್ತವೆ. ಬೆಳಿಗ್ಗೆ ರೊಟ್ಟಿ ತಟ್ಟೋಕೆ ಆಗುವುದಿಲ್ಲ. ಹೊತ್ತು ಏರಿದ ಮೇಲೆ ಸ್ವಲ್ಪ ಸಲೀಸು. ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದಕ್ಕೆ ವಾಯು ಹಿಡಿದಿದೆ ಅಂತಾರೆ ನಮ್ಮತ್ತೆ. ಪಕ್ಕದೂರಿನಲ್ಲಿ ಒಬ್ಬರು ಕೊಡುವ ಪುಡಿ ತಿಂದರೆ ಎರಡೇ ದಿನಕ್ಕೆ ನೋವು ಮಾಯ. ಬಿಟ್ಟರೆ ಮತ್ತೆ ಅದೇ ಕತೆ. ಮುಂದುವರಿಸಲೇ?

ಉತ್ತರ: ಬೇಡಮ್ಮ. ಆದರೆ ಆ ಪುಡಿಯನ್ನು ಒಂದೇ ಸಲಕ್ಕೆ ನಿಲ್ಲಿಸಲೂ ಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಬರೆದಿರುವುದನ್ನು ನೋಡಿದರೆ ನನಗೆ ಮೊದಲು ಅನುಮಾನ ಬರುವುದು ರುಮಟಾಯ್ಡ್ ಆರ್ಥ್ರೈಟಿಸ್ ಮೇಲೆ. ನಮ್ಮ ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಸಾಮಾನ್ಯವಾಗಿ ಎರಡೂ ಕೈಗೆ ಒಟ್ಟಿಗೇ ಬರುತ್ತದೆ. ಸಣ್ಣ ಕೀಲುಗಳಲ್ಲಿ ಶುರುವಾಗುತ್ತದೆ.

ನನ್ನ ಹತ್ತಿರ ಬರುವವರಿಗೆ ಮೊದಲು ಕೇಳುವುದು ಒಂದೇ ಪ್ರಶ್ನೆ: ಬೆಳಿಗ್ಗೆ ಎದ್ದ ಮೇಲೆ ಬಿಗಿತ ಬಿಡೋಕೆ ಎಷ್ಟು ಹೊತ್ತು ಬೇಕು? ಸವೆತದ ನೋವಾದರೆ ಹತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಒಂದು ಗಂಟೆ ದಾಟುತ್ತಿದ್ದರೆ ಒಳಗೆ ಉರಿಯೂತ ಇದೆ ಅಂತ ಲೆಕ್ಕ. ಇನ್ನೊಂದನ್ನು ಮನೆಯಲ್ಲೇ ನೋಡಬಹುದು. ನಾಲ್ಕೂ ಬೆರಳಿನ ಬುಡದ ಗೆಣ್ಣುಗಳನ್ನು ಇನ್ನೊಬ್ಬರು ಎರಡೂ ಪಕ್ಕದಿಂದ ಮೆತ್ತಗೆ ಒತ್ತಿ ಹಿಡಿಯಲಿ. ಜೀವ ಹೋದಂಗಾದರೆ ತಡಮಾಡಬೇಡಿ.

ಅತ್ತೆಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿ ಈ ಕಾಯಿಲೆ ಶುರುವಾಗುವುದು, ಇದ್ದದ್ದು ಕೆರಳುವುದು ನಿಜ. ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಕಾರಣ ತಣ್ಣೀರಲ್ಲ. ಬಸುರಿ, ಬಾಣಂತನದಲ್ಲಿ ರೋಗನಿರೋಧಕ ಶಕ್ತಿಯಲ್ಲಿ ಆಗುವ ಏರುಪೇರು.

ಇನ್ನು ಪುಡಿ. ಹೆಸರಿಲ್ಲದ, ಚೀಟಿಯಿಲ್ಲದ ಮದ್ದು ಎರಡೇ ದಿನಕ್ಕೆ ನೋವು ನಿಲ್ಲಿಸಿತು ಅಂದರೆ ನನಗೆ ಭಯವಾಗುತ್ತದೆ. ಇಂಥ ಎಷ್ಟೋ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ನೋವು ಹೋಗುತ್ತದೆ, ಕೀಲು ಒಳಗೊಳಗೇ ಹಾಳಾಗುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ತಿಂದರೆ ಮುಖ ದುಂಡಗೆ ಊದುತ್ತದೆ, ಸಕ್ಕರೆ, ಬಿಪಿ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ. ತುಂಬಾ ದಿನ ತಿಂದವರು ಥಟ್ಟನೆ ಬಿಟ್ಟರೆ ತಲೆಸುತ್ತು, ವಾಂತಿ, ಬಿಪಿ ಕುಸಿಯುವುದು, ಹೀಗೆ ಜೀವಕ್ಕೇ ಅಪಾಯ ಆಗಬಹುದು. ಅದಕ್ಕೇ ಪುಡಿಯ ಪೊಟ್ಟಣವನ್ನೂ ಜೊತೆಗೆ ತಂದು ಡಾಕ್ಟರಿಗೆ ತೋರಿಸಿ. ಅವರು ಹಂತಹಂತವಾಗಿ ಬಿಡಿಸುತ್ತಾರೆ. ಬೈತಾರೆ ಅಂತ ಮುಚ್ಚಿಡಬೇಡಿ, ತಪ್ಪು ನಿಮ್ಮದಲ್ಲ.

ಉರಿಯೂತ ಎಷ್ಟಿದೆ ಅಂತ ಹೇಳುವ ಇಎಸ್‌ಆರ್, ಸಿಆರ್‌ಪಿ, ಈ ಕಾಯಿಲೆಯ ಸುಳಿವು ಕೊಡುವ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ರಕ್ತಪರೀಕ್ಷೆಗಳು ಬೇಕಾಗುತ್ತವೆ. ಆರ್‌ಎ ಫ್ಯಾಕ್ಟರ್ ಒಂದೇ ಪಾಸಿಟಿವ್ ಬಂದರೆ ಕಾಯಿಲೆ ಇದೆ ಅಂತಲ್ಲ, ನೆಗೆಟಿವ್ ಬಂದರೆ ಇಲ್ಲ ಅಂತಲೂ ಅಲ್ಲ. ಕಾಯಿಲೆ ಖಚಿತವಾದರೆ ಸಾಮಾನ್ಯವಾಗಿ ಕೊಡುವ ಮೊದಲ ಮಾತ್ರೆ ಮೆಥೊಟ್ರೆಕ್ಸೇಟ್. ದಯವಿಟ್ಟು ಇದನ್ನು ಗಟ್ಟಿಯಾಗಿ ನೆನಪಿಡಿ: ಅದನ್ನು ನುಂಗುವುದು ವಾರಕ್ಕೆ ಒಂದೇ ದಿನ. ದಿನಾ ನುಂಗಿ ರಕ್ತಕಣ ಕುಸಿದು ಪ್ರಾಣಕ್ಕೇ ಕುತ್ತು ಬರುವುದುಂಟು. ಸೋಮವಾರವೋ ಶುಕ್ರವಾರವೋ ಗೊತ್ತು ಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮಧ್ಯೆ ಮಧ್ಯೆ ರಕ್ತ ತಪಾಸಣೆ ಬೇಕು. ಮಗು ಹಾಲು ಕುಡಿಯುತ್ತಿದ್ದರೆ, ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿ. ಆಗ ಈ ಮಾತ್ರೆ ಕೂಡದು, ಬೇರೆ ಇವೆ.

ಪರಿಣಾಮ ಕಾಣೋಕೆ ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ತಿಂಗಳಾದರೂ ಗುಣವಿಲ್ಲ ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ಅದೇ ನನಗೆ ಹೊಟ್ಟೆ ಉರಿಯುವ ಸಂಗತಿ. ಮೊದಲ ವರ್ಷದೊಳಗೆ ಸರಿಯಾಗಿ ಹಿಡಿದರೆ ಬೆರಳು ಸೊಟ್ಟಗಾಗದಂತೆ ತಡೆಯುವ ಅವಕಾಶ ತುಂಬಾ ಇರುತ್ತದೆ. ಸೊಟ್ಟಗಾದ ಮೇಲೆ ಬಂದರೆ ಅದನ್ನು ನೆಟ್ಟಗೆ ಮಾಡುವ ಮಾತ್ರೆ ನಮ್ಮ ಹತ್ತಿರ ಇಲ್ಲ.

ಪ್ರಶ್ನೆ: ನಮ್ಮ ಅವ್ವನಿಗೆ 62. ಹರಿಹರದವರು. ಮಂಡಿ ಸವೆದಿದೆ, ಗ್ರೀಸ್ ಖಾಲಿಯಾಗಿದೆ, ನಡೆಯಬೇಡಿ ಅಂದಿದ್ದಾರಂತೆ. ಮೆಡಿಕಲ್ ಶಾಪಿನಿಂದ ದಿನಾ ನೋವಿನ ಮಾತ್ರೆ ತಂದು ನುಂಗುತ್ತಾರೆ. ಬಿಪಿ ಇದೆ. ಆಪರೇಷನ್ನೇ ಗತಿಯಾ?

ಉತ್ತರ: ಮೊದಲು ಆ ದಿನನಿತ್ಯದ ನೋವಿನ ಮಾತ್ರೆ ನಿಲ್ಲಿಸಿ, ಡಾಕ್ಟರನ್ನು ಕೇಳಿ. ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಬಿಪಿ ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೆ ಪೆಟ್ಟು ಕೊಡುತ್ತವೆ. ಅದೇ ಮದ್ದಿನ ಮುಲಾಮನ್ನು ಮಂಡಿಗೆ ಹಚ್ಚಿದರೆ ಅಪಾಯ ಎಷ್ಟೋ ಕಡಿಮೆ.

ಇದು ಮೂಳೆಯ ತುದಿಯ ಮೆದುಮೂಳೆ ಸವೆಯುವ ಆಸ್ಟಿಯೋಆರ್ಥ್ರೈಟಿಸ್. ಎಕ್ಸ್‌ರೇ ನೋಡಿ ಹೆದರಬೇಡಿ. ಫಿಲ್ಮ್ ಕೆಟ್ಟದಾಗಿ ಕಂಡರೂ ಆರಾಮಾಗಿ ಓಡಾಡುವವರಿದ್ದಾರೆ. ನಡೆಯಬೇಡಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕೂತಷ್ಟೂ ತೊಡೆಯ ಸ್ನಾಯು ಸೊರಗುತ್ತದೆ, ಆ ಭಾರವೆಲ್ಲ ಮಂಡಿಗೇ ಬೀಳುತ್ತದೆ.

ಅವ್ವನಿಗೆ ಇದನ್ನು ಕಲಿಸಿ. ಮಂಚದ ಮೇಲೆ ಕಾಲು ಚಾಚಿ ಕೂರಲಿ. ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಡಿ. ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ, ಐದು ಎಣಿಸುವವರೆಗೆ ಹಿಡಿದು ಬಿಡಲಿ. ಹತ್ತು ಸಲ, ಬೆಳಿಗ್ಗೆ ಸಂಜೆ. ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಗಟ್ಟಿಯಾಗುವುದು ಗೊತ್ತಾಗಬೇಕು. ಇಲ್ಲದಿದ್ದರೆ ಸುಮ್ನೆ ಕಾಲು ಅಲ್ಲಾಡಿಸಿದಂತೆ ಅಷ್ಟೆ. ಒಂದೂವರೆ ಎರಡು ತಿಂಗಳು ಬಿಡದೆ ಮಾಡಲಿ.

ತೂಕ ಜಾಸ್ತಿ ಇದ್ದರೆ ಒಂದು ಕೆಜಿ ಇಳಿದರೂ ಲಾಭವೇ. ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ತಗ್ಗುತ್ತದೆ. ಬೆಣ್ಣೆ ದೋಸೆ ಪೂರ್ತಿ ಬಿಡಿ ಅಂತ ದಾವಣಗೆರೆ ಸೀಮೆಯವರಿಗೆ ನಾನು ಹೇಳುವುದಿಲ್ಲ, ಅದು ವಾರದ ಊಟವಾಗದಿರಲಿ. ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯುವುದು, ಶೇಂಗಾ ಸುಲಿಯುವುದು ಬೇಡ, ಮಣೆಯ ಬದಲು ಎತ್ತರದ ಸ್ಟೂಲ್ ಕೊಡಿ. ಕೋಲು ಹಿಡಿಯುವುದಾದರೆ ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ. ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಂಡರೆ ಹಾಯೆನಿಸುತ್ತದೆ, ಧಾರಾಳವಾಗಿ ಮಾಡಲಿ. ಸವೆದದ್ದು ಮಾತ್ರ ಅದರಿಂದ ಬೆಳೆಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಕೆಡುತ್ತಿದ್ದರೆ, ಮನೆಯೊಳಗೆ ಓಡಾಡುವುದೂ ಕಷ್ಟವಾದರೆ ಆಪರೇಷನ್ ಮಾತಾಡೋಣ. ಆಗ ಹಾಕುವ ಕೃತಕ ಮಂಡಿ ಹೆಚ್ಚಿನವರಲ್ಲಿ 15-20 ವರ್ಷ ಬಾಳುತ್ತದೆ.

ಪ್ರಶ್ನೆ: ನನಗೆ 45. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ನೋವು. ಯೂರಿಕ್ ಆಸಿಡ್ ಅಂತೆ. ಬೇಳೆ ಬಿಡಬೇಕಾ?

ಉತ್ತರ: ಇದು ಗೌಟ್ ಇರಬಹುದು, ಅಂದರೆ ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ನೋವು. ಬೇಳೆ ಬಿಡಬೇಕಿಲ್ಲ. ಬಿಡಬೇಕಾದ್ದು ಬಿಯರ್, ಮದ್ಯ, ತಲೆಮಾಂಸ, ಲಿವರ್, ಸಿಹಿ ಕೂಲ್‌ಡ್ರಿಂಕ್ಸ್. ಪದೇ ಪದೇ ಬರುತ್ತಿದ್ದರೆ ರಕ್ತದಲ್ಲಿ ಯೂರಿಕ್ ಆಸಿಡ್ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 6ಕ್ಕಿಂತ ಕೆಳಗೆ ಇರುವಂತೆ ಮಾತ್ರೆ ಬೇಕಾಗುತ್ತದೆ.

ಪ್ರಶ್ನೆ: ಜಗಳೂರು ತಾಲ್ಲೂಕು. ನಮ್ಮೂರಲ್ಲಿ ವಯಸ್ಸಾದವರಿಗೆಲ್ಲ ಸೊಂಟ, ಕುತ್ತಿಗೆ ಹಿಡಿದುಕೊಂಡಿದೆ. ಬೋರ್‌ವೆಲ್ ನೀರು ಕಾರಣ ಅಂತಾರೆ, ನಿಜವಾ?

ಉತ್ತರ: ನಿಜ ಇರಬಹುದು. ನಮ್ಮ ಬಯಲುಸೀಮೆಯ ಆಳದ ಬೋರ್‌ವೆಲ್‌ಗಳಲ್ಲಿ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5 ಕೊನೆಯ ಮಿತಿ. ಅದಕ್ಕಿಂತ ತುಂಬಾ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಅದು ಮೂಳೆಯಲ್ಲಿ, ಕೀಲಿನ ಕಟ್ಟುಗಳಲ್ಲಿ ಸೇರಿಕೊಂಡು ಬೆನ್ನು ಬಗ್ಗದಂತೆ ಮಾಡುತ್ತದೆ. ಚಿಕ್ಕಂದಿನಿಂದ ಅದೇ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಪಟ್ಟೆ ಕಂಡರೆ ಅದೇ ಸುಳಿವು. ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯೋಕಷ್ಟೇ ಅಲ್ಲ, ಅಡುಗೆಗೂ ಬಳಸಿ. ಅನ್ನ, ಸಾರು, ಚಹಾದಲ್ಲೂ ಅದೇ ಬೋರ್ ನೀರು ಹೊಟ್ಟೆಗೆ ಹೋಗುತ್ತದೆ, ಅಲ್ವಾ? ಊರಿನ ನೀರನ್ನು ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ, ಫಲಿತಾಂಶದ ನಕಲು ಕೇಳಿ ಪಡೆಯಿರಿ.

ಎಲ್ಲರಿಗೂ ಒಂದು ಮಾತು: ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಜೊತೆಗೆ ಜ್ವರ ಬಂದರೆ ಅದು ಕೀಲಿನೊಳಗೆ ಕೀವು ಇರಬಹುದು. ಎಣ್ಣೆ, ಪಟ್ಟು ಅಂತ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.