ಏಡಿಯನ್ನು ನೋಡಿ ನಗುವ ಮುಂಚೆ

ನಮಸ್ಕಾರ,

ನಿಮ್ಮ ‘ದಾರದಲ್ಲಿ ತೂಗುವ ರಾಕ್ಷಸರು’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಕೊನೆಯವರೆಗೂ ಕಾಯಿಸುವುದು ಸರಿಯಲ್ಲ ಅಂತ ಮೊದಲೇ ಹೇಳುತ್ತಿದ್ದೇನೆ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಸಿಕ್ಕಿಹಾಕಿಕೊಂಡಿದೆ. ಅದನ್ನು ನೀವೇ ಬಿಡಿಸಿ ಬರೆಯಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಇಷ್ಟುದ್ದದ ಉತ್ತರ.

ಹಡಗು ಒಡೆದೋ ವಿಮಾನ ಕೆಟ್ಟೋ ದ್ವೀಪದಲ್ಲಿ ಸಿಕ್ಕಿಬಿದ್ದ ನಾಲ್ಕಾರು ಜನ, ಅಲ್ಲಿ ಕಾದು ಕೂತ ದೈತ್ಯ ಪ್ರಾಣಿಗಳು, ಕೈಯಲ್ಲಿ ಜಾಸ್ತಿ ಕಾಸಿಲ್ಲದ ನಿರ್ಮಾಪಕರು. ಈ ಬಗೆಯ ಹನ್ನೆರಡು ಹಳೆಯ ಸಿನಿಮಾಗಳನ್ನು ತೆಗೆದುಕೊಂಡಿದ್ದೀರಿ. ಒಂದೊಂದಕ್ಕೂ ಒಂದು ಪ್ಯಾರಾ. ಒಂದನ್ನು ಬಿಟ್ಟರೆ ಪ್ರತಿ ಪ್ಯಾರಾದ ಕೊನೆಗೂ ರಾಕ್ಷಸ ಎಷ್ಟು ನಕಲಿಯಾಗಿ ಕಾಣುತ್ತದೆ ಅಂತ ಒಂದು ನಗು. ಮೂರನೇ ಪ್ಯಾರಾ ಮುಗಿಯುವ ಹೊತ್ತಿಗೆ ಓದುಗರಿಗೆ ಮುಂದೇನು ಬರುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಅದು ನಕಲಿ ಅನ್ನುವುದು ಸಿನಿಮಾ ನೋಡಿದ ಚಿಕ್ಕ ಮಕ್ಕಳಿಗೂ ಕಾಣುತ್ತದೆ. ಅದನ್ನು ಹೇಳಲು ಲೇಖನ ಬೇಕಿಲ್ಲ, ಅಲ್ವಾ?

ನೀವು ನಗದೆ ಬರೆದ ಪ್ಯಾರಾ ಒಂದೇ ಒಂದು. 1968ರ ‘ದಿ ಲಾಸ್ಟ್ ಕಾಂಟಿನೆಂಟ್’ ಬಗ್ಗೆ ಬರೆದದ್ದು. ಹಡಗು ಕಡಲಕಳೆಯೊಳಗೆ ಸಿಕ್ಕಿಕೊಂಡಿದೆ. ಆ ಕಳೆಯ ಮೇಲೆ ಜನ ಹೆಗಲಿಗೆ ಬಲೂನು ಕಟ್ಟಿಕೊಂಡು, ಕಾಲಿಗೆ ಅಗಲವಾದ ಪಾದರಕ್ಷೆ ಹಾಕಿಕೊಂಡು, ಮುಳುಗದ ಹಾಗೆ ನಡೆದು ಬರುತ್ತಾರೆ. ಅವರ ನಡಿಗೆಯ ತೂಕವನ್ನು ಎಷ್ಟು ಚೆನ್ನಾಗಿ ಹಿಡಿದಿದ್ದೀರಿ! ಅದನ್ನು ಓದಿದಾಗ ನಿಮಗೆ ನೋಡಲು ಬರುತ್ತದೆ ಅಂತ ನನಗೆ ಖಾತ್ರಿಯಾಯಿತು. ಉಳಿದ ಹನ್ನೊಂದು ಪ್ಯಾರಾಗಳಲ್ಲಿ ನೀವು ನೋಡುತ್ತಿಲ್ಲ. ಬೇರೆಯವರು ನಕ್ಕ ಕಡೆ ನೀವೂ ನಗುತ್ತಿದ್ದೀರಿ.

ಮೊದಲು ಪಟ್ಟಿಯನ್ನು ಸರಿಮಾಡಿಕೊಳ್ಳೋಣ. 1933ರ ‘ಕಿಂಗ್ ಕಾಂಗ್’ ಇಲ್ಲಿ ಇರಬಾರದು. ಅದಕ್ಕೆ ಖರ್ಚಾದದ್ದು ಸುಮಾರು 6.7 ಲಕ್ಷ ಡಾಲರ್. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಮೇಲಾಗಿ ಅವರು ದ್ವೀಪಕ್ಕೆ ಬೇಕಂತಲೇ ಹೋದವರು, ಹಡಗು ಒಡೆದು ಬಿದ್ದವರಲ್ಲ. ನಿಮಗೆ ಬೇಕಾದದ್ದು ಪಕ್ಕದಲ್ಲೇ ಇತ್ತು. ಅದೇ ಆರ್‌ಕೆಓ ಹಾಲಿವುಡ್ ಸ್ಟುಡಿಯೋದಲ್ಲಿ, ಅದೇ ಕಾಡಿನ ಸೆಟ್ಟುಗಳಲ್ಲಿ, 1932ರಲ್ಲಿ ಬಂದ ‘ದಿ ಮೋಸ್ಟ್ ಡೇಂಜರಸ್ ಗೇಮ್’ ತಯಾರಾಯಿತು. ಅಲ್ಲಿ ಹಡಗು ಒಡೆದು ದ್ವೀಪ ಸೇರಿದವನನ್ನು ಬೇಟೆಯಾಡುವುದು ಒಬ್ಬ ಮನುಷ್ಯ. ಇನ್ನು ‘ಒನ್ ಮಿಲಿಯನ್ ಇಯರ್ಸ್ ಬಿ.ಸಿ.’ಯಲ್ಲಿ ಹೊರಗಿನಿಂದ ಬಂದು ಸಿಕ್ಕಿಬಿದ್ದವರೇ ಇಲ್ಲ. ಡೈನೋಸಾರ್ ಇದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಸೇರಿಸಬೇಡಿ.

ಬಿ. ವಿಠಲಾಚಾರ್ಯರ ಬಗ್ಗೆ ಕೊನೆಯಲ್ಲಿ ಒಂದು ಪ್ಯಾರಾ ಹಾಕಿದ್ದೀರಿ. ಯಾಕೆ ಅಂತ ಅರ್ಥವಾಗುತ್ತದೆ. ನಮ್ಮ ಉಡುಪಿ ಕಡೆಯವರು, ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ‘ಜಾನಪದ ಬ್ರಹ್ಮ’ ಅನ್ನಿಸಿಕೊಂಡವರು. ಕಡಿಮೆ ದುಡ್ಡಿನಲ್ಲಿ ಮಾಯಾಲೋಕ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಆದರೆ ಅವರನ್ನು ಬಾಲಂಗೋಚಿಯ ಹಾಗೆ ಕಟ್ಟುವುದು ಅವರಿಗೂ ಅನ್ಯಾಯ, ಲೇಖನಕ್ಕೂ ಅನ್ಯಾಯ. ಅದು ಬೇರೆಯದೇ ಲೇಖನ. ನಾಯಕನ ಡೇಟ್ಸ್ ಸಿಗದಿದ್ದರೆ ಅವನನ್ನು ಪ್ರಾಣಿಯನ್ನಾಗಿ ಮಾಡಿ ಶೂಟಿಂಗ್ ಮುಂದುವರಿಸುತ್ತಿದ್ದರು ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಯಾವ ಚಿತ್ರ, ಯಾವ ದೃಶ್ಯ ಅಂತ ತೋರಿಸಲು ಆದರೆ ಮಾತ್ರ ಬರೆಯಿರಿ. ಇಲ್ಲದಿದ್ದರೆ ಬಿಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1961ರ ‘ಮಿಸ್ಟೀರಿಯಸ್ ಐಲ್ಯಾಂಡ್’ ಚಿತ್ರದ ಏಡಿಯನ್ನು ನೀವು ‘ಪ್ಲಾಸ್ಟಿಕ್ ಆಟಿಕೆ’ ಅಂದಿದ್ದೀರಿ. ಅದು ಪ್ಲಾಸ್ಟಿಕ್ ಅಲ್ಲ. ಆ ಚಿತ್ರದ ದೃಶ್ಯತಂತ್ರಗಳನ್ನು ಮಾಡಿದ ರೇ ಹ್ಯಾರಿಹೌಸೆನ್ ಲಂಡನ್ನಿನ ಹ್ಯಾರಡ್ಸ್ ಅಂಗಡಿಯಿಂದ ನಿಜವಾದ ಏಡಿಯನ್ನೇ ಕೊಂಡು ತಂದರು. ಒಳಗಿನದನ್ನೆಲ್ಲ ತೆಗೆಸಿ, ಖಾಲಿ ಚಿಪ್ಪಿನೊಳಗೆ ಕೀಲು ಇರುವ ಲೋಹದ ಚೌಕಟ್ಟು ಕೂರಿಸಿದರು. ಆಮೇಲೆ ಕಾಲುಗಳನ್ನು, ಕೊಂಡಿಯನ್ನು ಒಂದಿಷ್ಟೇ ಸರಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಸರಿಸುವುದು. ತೆರೆಯ ಮೇಲೆ ಓಡುವುದು ಸೆಕೆಂಡಿಗೆ 24 ಫ್ರೇಮ್. ಅಷ್ಟನ್ನೂ ಕೈಯಲ್ಲೇ ಮಾಡಬೇಕು. ನಟರು ಸ್ಪೇನಿನ ಕಡಲತೀರದಲ್ಲಿ, ಅಲ್ಲಿ ಇಲ್ಲದೇ ಇದ್ದ ಏಡಿಯ ಜೊತೆ ಗುದ್ದಾಡಿ ಬಂದಿದ್ದರು. ಆ ಗುದ್ದಾಟಕ್ಕೆ ಹೊಂದುವ ಹಾಗೆ ಏಡಿ ಆಡಬೇಕಿತ್ತು.

ಆ ದೃಶ್ಯವನ್ನು ಇನ್ನೊಮ್ಮೆ ಹಾಕಿಕೊಂಡು ನೋಡಿ. ಒಬ್ಬ ಕೊಂಡಿಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಉಳಿದವರು ಕೋಲು, ಹಗ್ಗ ಹಿಡಿದು ಏಡಿಯನ್ನು ಮಗುಚಲು ನೋಡುತ್ತಾರೆ. ಏಡಿಯ ಬಾಯಿಯ ಹತ್ತಿರದ ಆ ಸಣ್ಣ ಸಣ್ಣ ಅಂಗಗಳನ್ನು, ಚಿಪ್ಪಿನ ಮೇಲಿನ ಒರಟನ್ನು ಗಮನಿಸಿ. ಅದು ನಿಜವಾದ ಚಿಪ್ಪು ಆದ್ದರಿಂದಲೇ ಅಷ್ಟು ಹತ್ತಿರದಿಂದ ತೋರಿಸುವ ಧೈರ್ಯ ಬಂದಿದೆ. ಕೊನೆಗೆ ಅದು ಕುದಿಯುವ ಬಿಸಿನೀರಿನ ಬುಗ್ಗೆಗೆ ಬೀಳುತ್ತದೆ. ಆಮೇಲೆ? ಎಲ್ಲರೂ ಕೂತು ಅದನ್ನು ತಿನ್ನುತ್ತಾರೆ. ಈ ಊಟದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ. ನನ್ನ ಪ್ರಕಾರ ಇಡೀ ಚಿತ್ರದ ಬೀಗದ ಕೈ ಇರುವುದು ಅಲ್ಲೇ.

ಯಾಕೆ ಅಂತ ಹೇಳುತ್ತೇನೆ. ಜೂಲ್ಸ್ ವರ್ನ್ ಅವರ ಮೂಲ ಕಾದಂಬರಿಯಲ್ಲಿ ದೈತ್ಯ ಏಡಿಯೂ ಇಲ್ಲ, ದೈತ್ಯ ಜೇನ್ನೊಣವೂ ಇಲ್ಲ. ಅವೆಲ್ಲ ಸಿನಿಮಾದವರು ಸೇರಿಸಿದ್ದು. ಸೇರಿಸಿದ ಮೇಲೆ ಅದಕ್ಕೊಂದು ಕಾರಣ ಬೇಕಲ್ಲ? ಆ ದ್ವೀಪದಲ್ಲಿ ಅಡಗಿರುವ ಕ್ಯಾಪ್ಟನ್ ನೀಮೊ ಜಗತ್ತಿನ ಹಸಿವು ನೀಗಿಸಬೇಕು, ಹಸಿವಿನಿಂದ ಹುಟ್ಟುವ ಯುದ್ಧಗಳನ್ನು ನಿಲ್ಲಿಸಬೇಕು ಅಂತ ಪ್ರಾಣಿಗಳನ್ನು ದೊಡ್ಡದಾಗಿ ಬೆಳೆಸಿದ್ದಾನೆ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ. ಅಂದರೆ ರಾಕ್ಷಸ ಅಂತ ನಾವು ಹೆದರಿದ್ದು ಅಲ್ಲಿ ಆಹಾರ. ಅಮೆರಿಕದ ಅಂತರ್ಯುದ್ಧದ ಸೆರೆಮನೆಯಿಂದ ಬಲೂನಿನಲ್ಲಿ ತಪ್ಪಿಸಿಕೊಂಡು ಬಂದ ಸೈನಿಕರು ಆ ಆಹಾರವನ್ನು ಗೊತ್ತಿಲ್ಲದೆಯೇ ಮೊದಲೇ ತಿಂದಿದ್ದಾರೆ. ಇದನ್ನು ನೋಡಿದ ಮೇಲೆ ಏಡಿ ಅಸಲಿಯೋ ನಕಲಿಯೋ ಅನ್ನುವ ಪ್ರಶ್ನೆ ಚಿಕ್ಕದಾಗುತ್ತದೆ.

ಈಗ ನಿಮ್ಮ ಪಟ್ಟಿಯಲ್ಲೇ ಇರುವ ‘ಮಟಾಂಗೊ’ ತೆಗೆದುಕೊಳ್ಳಿ. 1963ರ ಜಪಾನಿ ಚಿತ್ರ. ‘ಗಾಡ್ಜಿಲ್ಲಾ’ ಮಾಡಿದ ಇಶಿರೊ ಹೋಂಡಾ ಅವರದ್ದೇ. ಅದಕ್ಕೆ ಎರಡೇ ಸಾಲು ಕೊಟ್ಟು ‘ಅಣಬೆ ವೇಷ ಹಾಕಿದ ಜನ’ ಅಂತ ಮುಗಿಸಿದ್ದೀರಿ. ನನಗೆ ತುಂಬ ಬೇಸರವಾದದ್ದು ಇಲ್ಲಿ. ವಿಲಿಯಂ ಹೋಪ್ ಹಾಡ್ಜ್‌ಸನ್ 1907ರಲ್ಲಿ ಬರೆದ ಒಂದು ಸಣ್ಣಕತೆ ಇದರ ಬೇರು. ವಿಹಾರ ನೌಕೆಯಲ್ಲಿ ಹೊರಟ ಏಳು ಜನ ಬಿರುಗಾಳಿಗೆ ಸಿಕ್ಕಿ ದ್ವೀಪ ಸೇರುತ್ತಾರೆ. ಅಲ್ಲೊಂದು ಪಾಳುಬಿದ್ದ ಹಡಗು, ಒಳಗೆಲ್ಲ ಬೂಷ್ಟು ಹಿಡಿದಿದೆ. ಆ ಹಡಗಿನಲ್ಲಿ ಒಂದೂ ಕನ್ನಡಿ ಇಲ್ಲ. ಈ ವಿವರವನ್ನು ನೀವು ಬಿಟ್ಟಿದ್ದೀರಿ! ಕನ್ನಡಿ ಯಾಕಿಲ್ಲ ಅನ್ನುವುದು ಅರ್ಥವಾಗುವ ಹೊತ್ತಿಗೆ ನೋಡುವವರ ಬೆನ್ನು ತಣ್ಣಗಾಗುತ್ತದೆ. ಅದಕ್ಕೆ ಒಂದು ಕಾಸೂ ಖರ್ಚಿಲ್ಲ. ದ್ವೀಪದಲ್ಲಿ ತಿನ್ನಲು ಬೇರೇನೂ ಹೆಚ್ಚು ಸಿಗುವುದಿಲ್ಲ, ಅಣಬೆ ಮಾತ್ರ ಹೇರಳ. ತಿಂದರೆ ಸುಖ. ಆದರೆ ತಿಂದವರು ಮೆಲ್ಲಗೆ ಅಣಬೆಯೇ ಆಗುತ್ತಾರೆ.

ಒಂದು ಚಿತ್ರದಲ್ಲಿ ಜನ ರಾಕ್ಷಸನನ್ನು ತಿನ್ನುತ್ತಾರೆ. ಎರಡು ವರ್ಷದ ನಂತರದ ಇನ್ನೊಂದರಲ್ಲಿ ತಿಂದದ್ದೇ ಜನರನ್ನು ರಾಕ್ಷಸರನ್ನಾಗಿ ಮಾಡುತ್ತದೆ. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕು.

ಮೂರನೆಯದಾಗಿ ನಿರ್ದೇಶಕ ರೋಜರ್ ಕಾರ್ಮನ್ ಅವರ ‘ಅಟ್ಯಾಕ್ ಆಫ್ ದಿ ಕ್ರ್ಯಾಬ್ ಮಾನ್ಸ್ಟರ್ಸ್’ ಇಟ್ಟುಕೊಳ್ಳಿ. 1957ರದ್ದು, ಸುಮಾರು 70,000 ಡಾಲರ್ ಬಜೆಟ್, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇಲ್ಲಿಯ ಏಡಿ ನಿಜಕ್ಕೂ ಒಡ್ಡೊಡ್ಡಾಗಿದೆ, ಅದನ್ನು ಮುಚ್ಚಿಡಬೇಡಿ. ಆದರೆ ಚಾರ್ಲ್ಸ್ ಗ್ರಿಫಿತ್ ಚಿತ್ರಕತೆಯಲ್ಲಿ ಮಾಡಿದ್ದನ್ನು ನೋಡಿ. ಈ ಏಡಿಗಳು ವಿಜ್ಞಾನಿಗಳನ್ನು ತಿನ್ನುತ್ತವೆ. ತಿಂದವರ ಬುದ್ಧಿಯೂ ದನಿಯೂ ಅವಕ್ಕೆ ಬರುತ್ತದೆ. ಸತ್ತುಹೋದ ಗೆಳೆಯನ ದನಿ ರಾತ್ರಿ ಕತ್ತಲಲ್ಲಿ ಹೆಸರು ಹಿಡಿದು ಕರೆಯುತ್ತದೆ. ರಾಕ್ಷಸನನ್ನು ತೋರಿಸಲು ದುಡ್ಡಿಲ್ಲದಿದ್ದರೆ ಕೇಳಿಸಿದರೆ ಆಯಿತು. ಮತ್ತೆ ಆ ದ್ವೀಪ ದಿನೇ ದಿನೇ ಸಮುದ್ರಕ್ಕೆ ಕುಸಿಯುತ್ತಾ ಚಿಕ್ಕದಾಗುತ್ತದೆ. ನಿಂತ ನೆಲವೇ ಕರಗುತ್ತಿದೆ ಅನ್ನುವ ಭಯಕ್ಕೆ ದೊಡ್ಡ ಗೊಂಬೆ ಬೇಕಾಗಲಿಲ್ಲ.

ಹಾಗಂತ ಎಲ್ಲವನ್ನೂ ಹೊಗಳಿ ಅಂತಲ್ಲ. ‘ದಿ ಲ್ಯಾಂಡ್ ದಟ್ ಟೈಮ್ ಫರ್ಗಾಟ್’ ಚಿತ್ರದ ಹಾರುವ ಹಲ್ಲಿ ರೆಕ್ಕೆಯನ್ನೇ ಬಡಿಯುವುದಿಲ್ಲ ಅಂದಿದ್ದೀರಿ. ನಿಜ, ಅದು ಸಪ್ಪೆಯೇ. ಆದರೆ ಅದೇ ಚಿತ್ರದ ಮೊದಲ ಭಾಗ ಜರ್ಮನ್ ಜಲಾಂತರ್ಗಾಮಿಯ ಇಕ್ಕಟ್ಟಿನಲ್ಲಿ ನಡೆಯುತ್ತದೆ. ಹಡಗು ಮುಳುಗಿಸಿದವರೂ ಆ ಹಡಗಿನಿಂದ ಬದುಕುಳಿದವರೂ ಒಂದೇ ಕಡೆ. ಅದು ಬಿಗಿಯಾಗಿದೆ, ಅದನ್ನೂ ಹೇಳಬೇಕಿತ್ತು. ಹೊಸ ಲೇಖನದಲ್ಲಿ ಇದಕ್ಕೆ ಜಾಗ ಸಿಕ್ಕರೆ ಸರಿ, ಸಿಗದಿದ್ದರೆ ಪರವಾಗಿಲ್ಲ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಮೈನವಿರೇಳಿಸುವ’, ‘ಊಹೆಗೂ ನಿಲುಕದ’ ಇಂಥವನ್ನೆಲ್ಲ ತೆಗೆಯಿರಿ. ಏನು ಕಂಡಿತು ಅಂತ ಬರೆದರೆ ಸಾಕು, ಮೈ ತಾನಾಗಿ ನವಿರೇಳುತ್ತದೆ. ಕತೆಯ ಸಾರಾಂಶವನ್ನೂ ಅರ್ಧಕ್ಕರ್ಧ ಇಳಿಸಿ.

ಮೂರೇ ಚಿತ್ರ, ಒಂದೇ ಪ್ರಶ್ನೆ: ಈ ದ್ವೀಪದಲ್ಲಿ ಯಾರು ಯಾರನ್ನು ತಿನ್ನುತ್ತಾರೆ? ಅವಸರ ಮಾಡಬೇಡಿ. ಮೂರನ್ನೂ ಮತ್ತೆ ನೋಡಿ, ನಿಲ್ಲಿಸಿ ನಿಲ್ಲಿಸಿ ನೋಡಿ, ನೋಡುವಾಗಲೇ ಟಿಪ್ಪಣಿ ಮಾಡಿಕೊಳ್ಳಿ. ‘ದಿ ಲಾಸ್ಟ್ ಕಾಂಟಿನೆಂಟ್’ನ ಬಲೂನಿನ ಆ ಪ್ಯಾರಾ ಈ ಲೇಖನಕ್ಕೆ ಹೊಂದದಿದ್ದರೂ ಅಳಿಸಬೇಡಿ, ಬೇರೆಯಾಗಿ ಎತ್ತಿಡಿ. ಅದನ್ನೇ ಬೆಳೆಸಿ ಇನ್ನೊಂದು ಬರೆಯಬಹುದು. ಹೊಸ ಪ್ರತಿಯನ್ನು ನೇರ ನನಗೇ ಕಳಿಸಿ.

ಪ್ರೀತಿಯಿಂದ,
ಸಂಪಾದಕ